ಡಾಕ್ಟರ್ ಭೂಮಿ ನೋಡಿದ್ದನೋ ಇಲ್ಲೋ

ದೋಸ್ತರ, ನಮ್ಮ ಮೂರು ತಿಂಗಳ ಜಗಳ ಇವತ್ತು ಐದ ನಿಮಿಷದಾಗ ಮುಗದುಹೋತು.

ನಾಗಪುರಕ್ಕ ವರ್ಗ ಆಗಿ ಬಂದ ಮ್ಯಾಲೆ ಆಫೀಸು ಬಿಟ್ಟರ ನನಗ ಮಾತಿಗೆ ಸಿಗೋದು ರವಿವಾರ ಬಜಾಜ್ ನಗರದ ಚಹಾದಂಗಡ್ಯಾಗ ಕೂಡೋ ನಾಲ್ಕು ಮಂದಿ ಅಷ್ಟ. ಎಲ್ಲಾರಿಗೂ ಒಂದ ಹಳೇ ಬಾಹ್ಯಾಕಾಶ ಧಾರಾವಾಹಿಯ ಹುಚ್ಚು. ಅದರಾಗ ನೌಕೆಯ ಡಾಕ್ಟರ್ "ನಾ ಭೂಮಿ ನೋಡೇ ಇಲ್ಲ" ಅಂತಾನ. ಅದರ ಹಿಂದಿನ ಕಥಿ ಅಂತ ಈಗ ಬಂದ ಹೊಸಾ ಧಾರಾವಾಹಿಯೊಳಗ ಅವ ಹುಟ್ಟಿದ್ದ ಭೂಮಿ ಮ್ಯಾಲೆ. ಇದು ತಪ್ಪು ಅಂತ ರಿಟೈರ್ ಆದ ದೇಶಪಾಂಡೆ ಸರ್, ತಪ್ಪಲ್ಲ ಅಂತ ನಾನು.

ಇವತ್ತು ನಮ್ಮ ಗುಂಪಿಗೆ ಹೊಸದಾಗಿ ಬಂದ ಸಾಯಲಿ ಅನ್ನೋ ಹುಡುಗಿ ಮೊಬೈಲಿನಾಗ ಹಳೇ ಸೀನ್ ಇಂಗ್ಲಿಷಿನ್ಯಾಗ ಹಚ್ಚಿದ್ಲು. ಡಾಕ್ಟರ್ ಅಂದದ್ದು "ಭೂಮಿ ನೆನಪಿಲ್ಲ" ಅಂತ. ನಾವು ನೋಡಿದ್ದ ಹಿಂದಿ ಡಬ್ಬಿಂಗೇ ತಪ್ಪು. "ಬರೋಬರ್" ಅಂದ್ರು ಎಲ್ಲಾರೂ. ಆಮ್ಯಾಲೆ ಮಾತಾಡಲಿಕ್ಕೆ ಜಗಳನ ಉಳೀಲಿಲ್ಲ. "ಚಲೋ, ಸಿಗೋಣು" ಅಂತ ಎದ್ರು. ಯಾವಾಗ ಅಂತ ಯಾರೂ ಅನಲಿಲ್ಲ. ನನಗ ಗೆದ್ದ ಖುಷಿ ಬರಲೇ ಇಲ್ಲ.

ಸ್ಕೂಟರ್ ತೆಗೀಲಿಕ್ಕೆ ಹತ್ತಿದ್ದೆ, ದೇಶಪಾಂಡೆ ಸರ್ ಬೆನ್ನಹತ್ತಿ ಬಂದ್ರು. ಹೆಂಡತಿ ಹೋದ ಮ್ಯಾಲೆ ಅವರ ಮನ್ಯಾಗೂ ಯಾರಿಲ್ಲ.

"ಅದಿರಲಿ, ಹಳೇದ್ರಾಗ ನೌಕೆಗೆ ಒಂದ ಬಾಗಿಲು, ಹೊಸದ್ರಾಗ ಎರಡು. ಇದಕ್ಕೇನಂತೀರಿ?"

ಎರಡನೇ ಬಾಗಿಲು ಯಾಕ ಮುಚ್ಚಿದ್ರು ಅನ್ನೋದು ಹೊಸದರ ಕಡೇ ಕಂತಿನಾಗ ಐತಿ. ನಾ ಅದನ್ನ ನೋಡೀನಿ.

"ಇದು ಭಾಳ ಕಠಿಣ ಐತಿ ಸರ್," ಅಂದೆ. "ಬರೋ ರವಿವಾರ ಕೂತು ಮಾತಾಡೋಣು."

ಆ ಕಂತು ನೋಡಿದವರು ದಯಮಾಡಿ ಸದ್ಯಕ್ಕ ನಾಗಪುರದ ಕಡೆ ಬರಬ್ಯಾಡ್ರಿ.