ನಿರ್ಮಲಕ್ಕನ ಬೇಸಿಗೆ ನಕ್ಷೆ

ನಿರ್ಮಲಕ್ಕ ಯಾವ ಮನೆಯನ್ನೂ ಖಾಲಿ ಎನ್ನುತ್ತಿರಲಿಲ್ಲ. ಬೀಗ ಬಿದ್ದ ಬಾಗಿಲ ಮುಂದೆ ಜಿಪಿಎಸ್ ಯಂತ್ರವನ್ನು ತಲೆಯ ಮೇಲೆತ್ತಿ ಹಿಡಿದು, ಉಪಗ್ರಹದ ಸಂಕೇತ ಸಿಗುವವರೆಗೆ ಬಿಸಿಲಲ್ಲಿ ಅಲುಗಾಡದೆ ನಿಲ್ಲುತ್ತಿದ್ದರು. ನಾನು ಬಾಯಿತಪ್ಪಿ “ಇದೂ ಖಾಲಿ ಐತ್ರಿ” ಎಂದರೆ ತಿರುಗಿ ನೋಡದೆಯೇ ತಿದ್ದುತ್ತಿದ್ದರು: “ಖಾಲಿ ಅನಬ್ಯಾಡ. ಮಂದಿ ದುಡಿಯಾಕ ಹೋಗ್ಯಾರ.”

ಅವರು ದಾಂಡೇಲಿಯ ಕಾಗದ ಗಿರಣಿಯ ಕಾರ್ಮಿಕರೊಬ್ಬರ ಮಗಳು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಧಾರವಾಡದ ಒಂದು ಸಂಶೋಧನಾ ಸಂಸ್ಥೆ ಪಿಎಚ್‌ಡಿ ಮಾಡಲು ಅವರಿಗೆ ಫೆಲೋಶಿಪ್ ಕೊಟ್ಟಿತ್ತು. ನಮ್ಮ ತಾಲೂಕುಗಳ ಜನ ಯಾವ ತಿಂಗಳು ಎಲ್ಲಿಗೆ ದುಡಿಯಲು ಹೋಗುತ್ತಾರೆ, ಯಾವಾಗ ಮರಳುತ್ತಾರೆ ಎಂಬುದನ್ನು ಉಪಗ್ರಹ ಚಿತ್ರಗಳ ಮೇಲೆ ಗುರುತಿಸುವ ಕೆಲಸ. ಹಳಿಯಾಳದಲ್ಲಿ ಡಿಗ್ರಿ ಮುಗಿಸಿ ಕೂತಿದ್ದ ನಾನು ಅವರ ಸಹಾಯಕನಾದೆ. ನನ್ನ ಬೈಕಿನ ಹಿಂದೆ ಕೂತು ಜೋಯಿಡಾದ ಕಾಡುಹಾದಿಗಳನ್ನೆಲ್ಲ ಸುತ್ತಿದರು. ಅಲ್ಲಿ ಕೊಂಕಣಿ, ಹಳಿಯಾಳದಲ್ಲಿ ಮರಾಠಿ, ನನ್ನನ್ನು ಬೈಯಲು ಮಾತ್ರ ಕನ್ನಡ. “ಯಾವಾಗ ಹೋದ್ರು ಅಂತ ಮೊದಲ ಕೇಳಬ್ಯಾಡ. ಯಾವಾಗ ಬರ್ತಾರ ಅಂತ ಕೇಳು. ಮನಿ ಮಂದಿ ಮಾರಿ ಅರಳತೈತಿ.”

ಮುಂಡಗೋಡ ತಾಲೂಕಿನ ಇಂದೂರು ಎಂಬ ಊರಿನಾಚೆಯ ಒಂದು ಕೇರಿಯಲ್ಲಿ ಯಲ್ಲವ್ವ ಎಂಬಾಕೆ ಅವರಿಗೆ ಬಹಳ ಬೇಕಾದವಳಾಗಿದ್ದಳು. ಬೇಸಿಗೆ ಬಂತೆಂದರೆ ಆ ಇಡೀ ಕೇರಿ ಗೋವಾದ ವಾಸ್ಕೋಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿತ್ತು. ಮಳೆಗೆ ಮುಂಚೆ ಬಂದು ಭತ್ತ ಬಿತ್ತುತ್ತಿತ್ತು. ಅದಕ್ಕೇ ನಿರ್ಮಲಕ್ಕ ಕೇರಿಗೆ ಎರಡು ನಕ್ಷೆ ಮಾಡಿದ್ದರು, ಬೇಸಿಗೆಯದೊಂದು, ಮಳೆಗಾಲದ್ದೊಂದು.

ಸಂಸ್ಥೆಯಿಂದ ಅರಣ್ಯ ಇಲಾಖೆಯ ಕಚೇರಿಗೆ ಹೋದದ್ದು ಬೇಸಿಗೆ ನಕ್ಷೆ ಮಾತ್ರ. ಅದನ್ನು ನೋಡಿ, ಕೇರಿಯಲ್ಲಿ ಯಾರೂ ವಾಸವಿಲ್ಲ ಎಂದು ಕಚೇರಿಯವರು ತೀರ್ಮಾನಿಸಿದರು. ಯಲ್ಲವ್ವನವರು ಗಂಟುಮೂಟೆ ಹೊತ್ತು ಮರಳಿದಾಗ ಇಲಾಖೆಯವರು ಹೊಲದ ಸುತ್ತ ಕಂದಕ ತೋಡಿ, ಒಳಗೆ ಅಕೇಶಿಯಾ ಸಸಿ ನೆಟ್ಟಿದ್ದರು.

ನಿರ್ಮಲಕ್ಕ ಧಾರವಾಡಕ್ಕೆ ಹೋಗಿ ತಮ್ಮ ಗೈಡ್ ಎದುರು ನಿಂತರು. ನಾನೂ ಜೊತೆಗಿದ್ದೆ. “ಮಾಹಿತಿ ಸಂಸ್ಥಾದ್ದು ನಿರ್ಮಲಾ. ಕೇಳಿದವ್ರಿಗೆ ಕೊಡಬೇಕಾಗತೈತಿ. ನೀ ಸುಮ್ನ ಪಿಎಚ್‌ಡಿ ಮುಗಿಸ್ಕೋ” ಎಂದರು ಅವರು. ನಿರ್ಮಲಕ್ಕ ಫೆಲೋಶಿಪ್ಪನ್ನು ಅಲ್ಲಿಯೇ ಬಿಟ್ಟು ಬಂದರು.

ಹೊಲ ಮರಳಿ ಕೊಡಿ ಎಂದು ಕೇರಿಯವರು ಹಾಕಿದ ಅರ್ಜಿಯ ವಿಚಾರಣೆ ಮುಂಡಗೋಡದಲ್ಲಿ ನಡೆಯಿತು. ಅವರ ಪರವಾಗಿ ಹೇಳಲು ನಿರ್ಮಲಕ್ಕನೇ ಮುಂದೆ ಬಂದಿದ್ದರು.

“ಈ ನಕ್ಷೆ ನಿಮ್ಮದ ಏನ್ರಿ?” ವಿಚಾರಣೆಗೆ ಕೂತಿದ್ದ ಸಾಹೇಬರು ಕೇಳಿದರು.

“ನಂದ ರೀ.”

“ಮನಿಗೆ ಬೀಗ ಇದ್ದದ್ದು ಖರೇನ?”

“ಖರೇ ರೀ. ಆದ್ರ ಅದು ಬ್ಯಾಸಿಗಿದು. ಮಳಿಗಾಲದ್ದು ಇಲ್ಲೈತಿ, ನೋಡ್ರಿ.”

ಸಾಹೇಬರು ಗುಮಾಸ್ತನ ಕಡೆ ತಿರುಗಿ, “ಖರೇ ಅಂತ ಒಪ್ಪಿಕೊಂಡ್ರು, ಬರಕೋ” ಎಂದರು. ಚಾಚಿದ ಇನ್ನೊಂದು ನಕ್ಷೆಯನ್ನು ಮುಟ್ಟಲಿಲ್ಲ. “ಫೈಲಿನ್ಯಾಗ ಇಲ್ಲದ್ದು ನಾವು ನೋಡಂಗಿಲ್ರಿ.”

ಹೊರಗೆ ಬೇವಿನ ಮರದ ಕೆಳಗೆ ಯಲ್ಲವ್ವ ನಿಂತಿದ್ದಳು. “ನಮ್ಮ ಕಡಿಂದ ಮಾತಾಡಾಕ ಬಂದಾಕಿ, ಬೀಗ ಇತ್ತು ಅಂತ ಹೇಳಿದಿ?”

“ಇತ್ತಲ್ಲ ಯಲ್ಲವ್ವ. ಸುಳ್ಳು ಹೆಂಗ ಹೇಳ್ಲಿ?”

“ನಿನ್ನ ಖರೇ ನೀನ ಇಟಗೋ. ನನ್ನ ಹೊಲ ಎಲ್ಲೈತಿ?”

ಹೊಲ ಕೇರಿಯವರಿಗೆ ಮರಳಿ ಸಿಗಲಿಲ್ಲ. ಆಮೇಲೆ ನಿರ್ಮಲಕ್ಕ ದಾಂಡೇಲಿಯ ಒಂದು ಖಾಸಗಿ ಶಾಲೆಯಲ್ಲಿ ಭೂಗೋಳ ಕಲಿಸಲು ಸೇರಿದರು.

ಕೆಲವು ವರ್ಷಗಳ ಮೇಲೆ ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಭೇಟಿಯಾದೆ. ಸಂಸ್ಥೆ ಆ ನಕ್ಷೆಗಳನ್ನೆಲ್ಲ ಸೇರಿಸಿ ದೊಡ್ಡ ಪುಸ್ತಕ ಮಾಡಿತ್ತು. ಅವರಿಗೆ ತೋರಿಸಲೆಂದೇ ತಂದಿದ್ದೆ. ಎಲ್ಲಿಯೂ ಅವರ ಹೆಸರಿರಲಿಲ್ಲ. ನನಗೆ ಮೈ ಉರಿದಿತ್ತು. ಅವರು ಬೆರಳಾಡಿಸುತ್ತ ಪುಟ ತಿರುವಿ, ಇಂದೂರಿನ ನಕ್ಷೆ ಬಂದಾಗ ಬೆರಳು ನಿಲ್ಲಿಸಿದರು.

“ಹೆಸರು ಹಾಕಿಲ್ಲ. ಚಲೋ ಆತು.”

ಯಲ್ಲವ್ವನನ್ನು ಕೇಳಿದೆ. “ವಾಸ್ಕೋದಾಗ ಅದಾಳ. ಈಗ ಮಳಿಗಾಲದಾಗೂ ಅಲ್ಲೇ. ಹೋಗಿದ್ದೆ. ಒಳಗ ಕರೀಲಿಲ್ಲ” ಎಂದು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ನಿಂತಿದ್ದ ಬಸ್ಸು ಹತ್ತಿದರು.

ಮುಂದಿನ ವರ್ಷ ಹುಡುಕಿಕೊಂಡು ಹೋದಾಗ ಅವರ ಬಾಡಿಗೆ ಮನೆಯಲ್ಲಿ ಬೇರೆ ಸಂಸಾರವಿತ್ತು. ನಿರ್ಮಲಕ್ಕ ಎಲ್ಲಿಗೆ ಹೋದರು ಎಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.