ಗೊರ್ಮನಿಗೆ ಮಲಗುವ ಜಾಗ

ಅಳದಂಗಡಿಯಿಂದ ಒಳಗೆ, ಮಣ್ಣಿನ ರಸ್ತೆ ಮುಗಿಯುವಲ್ಲಿ ಡೊಂಬಯ್ಯನವರ ಮನೆ. ವಯಸ್ಸು ಅರವತ್ತಾರು. ಹದಿನೆಂಟರ ಪ್ರಾಯದಿಂದ ಬೇರೆಯವರ ರಬ್ಬರ್ ತೋಟಗಳಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿಕೊಂಡೇ ಬದುಕಿದವರು. ದಿನಕ್ಕೆ ಮುನ್ನೂರು ಮರ ಸುತ್ತುತ್ತಿದ್ದ ಮನುಷ್ಯನಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಕಳೆದ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು, ಹಾಲು ತುಂಬಿದ ಬಕೆಟ್ ಹಿಡಿದು ಇಳಿಜಾರಿನಲ್ಲಿ ಬರುವಾಗ ಜಾರಿ ಬಿದ್ದರು. ಬಲಗಾಲು ಎರಡು ಕಡೆ ಮುರಿಯಿತು. ಒಳಗೆ ರಾಡ್ ಹಾಕಿ, ಮೂರು ತಿಂಗಳು ಕಾಲು ಊರಬಾರದು ಎಂದು ಹೇಳಿ ಡಾಕ್ಟರರು ಮನೆಗೆ ಕಳಿಸಿದರು.

ಮೊದಲ ವಾರವನ್ನು ಅವರು ಸಿಟ್ಟಿನಲ್ಲೇ ಕಳೆದರು. ಗಂಜಿ ತೆಳ್ಳಗಾಯಿತು, ಫ್ಯಾನಿನ ಗಾಳಿ ಜೋರಾಯಿತು, ಕೋಳಿ ಹೊತ್ತಲ್ಲದ ಹೊತ್ತಿಗೆ ಕೂಗಿತು. ಹೆಂಡತಿ ಪೂವಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಎಲ್ಲದಕ್ಕೂ "ಆಯ್ತು" ಎನ್ನುತ್ತಿದ್ದರು.

ಆಗ ರಜೆಗೆಂದು ಮಗನ ಮಗಳು ತೃಪ್ತಿ ಬಂದಳು. ಮಿಜಾರಿನ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುವ ಹುಡುಗಿ. ಅಜ್ಜನ ಗೊಣಗಾಟ ತಡೆಯಲಾರದೆ ಮೊಬೈಲನ್ನು ಅವರ ದಿಂಬಿನ ಮೇಲೆ ಒರಗಿಸಿ, ತಾನು ನೋಡುವ ಕಾರ್ಟೂನನ್ನೇ ಹಾಕಿಕೊಟ್ಟಳು. ಯಾವುದೋ ದೂರದೇಶದ್ದು. ಮಾತೆಲ್ಲ ಇಂಗ್ಲಿಷು, ಅದನ್ನು ಅವಳು ಪಕ್ಕದಲ್ಲಿ ಕೂತು ತುಳುವಿನಲ್ಲಿ ಹೇಳುತ್ತಾ ಹೋದಳು. ಒಂದು ದೊಡ್ಡ ಸೇತುವೆ. ಈ ತುದಿಯಲ್ಲಿ ಎಲೂನ್ ಎಂಬ ದೇವದೂತೆ ಕಾವಲು, ಆ ತುದಿಯಲ್ಲಿ ಗೊರ್ಮ ಎಂಬ ಕೊಂಬಿನ ರಾಕ್ಷಸ. ನಡುವೆ ಯಾರಿಗೂ ಬೇಡವಾದ ತಿಸ್ಕ ಎಂಬ ಮರಿ ರಾಕ್ಷಸಿ. ಎರಡು ಕಡೆಯವರೂ ದಿನಾ ಹೊಡೆದಾಡುತ್ತಾರೆ. ಎರಡು ವರ್ಷ ಕಂತು ಕಂತಾಗಿ ಬಂದ ಕಾರ್ಟೂನು, ಸೇತುವೆ ಮುರಿದು ಮೂವರೂ ಒಂದೇ ದಂಡೆಯಲ್ಲಿ ಸಿಕ್ಕಿಬಿದ್ದಲ್ಲಿಗೆ ನಿಂತುಹೋಗಿತ್ತು.

"ಮತ್ತೆ?" ಎಂದರು ಡೊಂಬಯ್ಯ.

"ಮತ್ತೆ ಇಲ್ಲ ಅಜ್ಜ. ಮುಂದಿನದ್ದು ನಾವೇ ಬರೀತೇವೆ."

ಅಂಥದ್ದೊಂದು ಗುಂಪೇ ಇತ್ತು. ಬಂಟ್ವಾಳದಲ್ಲಿ ಬಿ.ಕಾಂ. ಓದುವ ಆಫ್ರಾ ಎಂಬ ಹುಡುಗಿ ವಾಟ್ಸಾಪಿನಲ್ಲಿ ಶುರು ಮಾಡಿದ್ದು. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಇಪ್ಪತ್ತೆಂಟು ಮಂದಿ ಕಾಲೇಜು ಮಕ್ಕಳು ಅದರಲ್ಲಿದ್ದರು. ಆ ಮೂವರು ಒಂದೇ ಮನೆಯವರಾದರೆ ಹೇಗಿರಬಹುದು ಎಂದು ಅವರೆಲ್ಲ ಕನ್ನಡದಲ್ಲಿ ಕತೆ ಬರೆಯುತ್ತಿದ್ದರು. ತೃಪ್ತಿ ನಾಲ್ಕು ಕತೆ ಓದಿ ಹೇಳಿದಳು. ಎಲ್ಲದರಲ್ಲೂ ಎಲೂನ್ ಮತ್ತು ಗೊರ್ಮ ಕಣ್ಣೀರು ಹಾಕಿ ಅಪ್ಪಿಕೊಳ್ಳುತ್ತಿದ್ದರು.

"ಅಪ್ಪಿಕೊಂಡದ್ದು ಸರಿ," ಎಂದರು ಡೊಂಬಯ್ಯ. "ನೀರು ತರುವುದು ಯಾರು? ಒಲೆ ಹಚ್ಚುವುದು ಯಾರು? ಅಷ್ಟು ದೊಡ್ಡ ಕೊಂಬು ಇಟ್ಟುಕೊಂಡು ಅವ ಮಲಗುವುದಾದರೂ ಎಲ್ಲಿ?"

"ಅದನ್ನೆಲ್ಲ ಯಾರೂ ಬರೀಲಿಲ್ಲ."

"ಹಾಗಾದರೆ ಅದು ಮನೆ ಹೇಗಾಗ್ತದೆ?"

ತೃಪ್ತಿ ನಕ್ಕು, "ನೀವೇ ಹೇಳಿ, ನಾನು ಬರೀತೇನೆ" ಎಂದಳು. ಡೊಂಬಯ್ಯ ದಿಂಬಿಗೆ ಸರಿಯಾಗಿ ಒರಗಿದರು. ಆಮೇಲೆ ಹೇಳತೊಡಗಿದರು.

"ಗೊರ್ಮನ ಕೊಂಬು ಬಾಗಿಲಿಗೆ ತಾಗ್ತದೆ. ಮೊದಲ ದಿನ ಅವ ಹೊರಗೇ ಮಲಗಿದ. ಎರಡನೇ ದಿನವೂ ಹೊರಗೇ. ಕರೆದರೂ ಬರುವ ಜಾತಿಯಲ್ಲ ಅವ. ಮೂರನೇ ದಿನ ಎಲೂನ್ ಗರಗಸ ತಂದು ಬಾಗಿಲಿನ ಮೇಲಿನ ದಾರಂದದ ಅಡ್ಡಮರ ಕುಯ್ದಳು. ಒಂದು ಮಾತೂ ಆಡಲಿಲ್ಲ. ಅವನೂ ಮಾತಾಡದೆ ಒಳಗೆ ಬಂದು, ಒಲೆಯ ಬೂದಿಯ ಹತ್ತಿರ ಬೆನ್ನು ಹಾಕಿ ಮಲಗಿದ."

ಬರೆಯುತ್ತಿದ್ದ ತೃಪ್ತಿಯ ಬೆರಳು ನಿಂತಿತು. "ಅಜ್ಜ, ಇದೆಲ್ಲ ಎಲ್ಲಿಂದ ಬರ್ತದೆ ನಿಮಗೆ?"

ಆಗ ಅವರು, ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳದಿದ್ದ ಒಂದು ವಿಷಯ ಹೇಳಿದರು. ತೋಟದ ಕೆಲಸಕ್ಕೆ ಸೇರಿದ ಕಾಲದಲ್ಲಿ ಅವರಿಗೆ ತಂದೆತಾಯಿ ಇರಲಿಲ್ಲ. ಧಣಿಗಳು ಕೊಟ್ಟ ಶೆಡ್ಡಿನಲ್ಲಿ ಏಳು ಜನ, ಏಳು ಊರಿನವರು. ಅಡುಗೆಯವ ಮಹಮ್ಮದ್ ಕುಂಞಿ. ಆರಡಿಯ ಆಳು, ಮುಖದಲ್ಲಿ ಸುಟ್ಟ ಗಾಯ, ಬಾಯಿ ತೆರೆದರೆ ಬೈಗುಳ. ಅವನ ಪಕ್ಕ ಮಲಗಲು ಎಲ್ಲರಿಗೂ ಹೆದರಿಕೆ, ಜಾಗ ಸಿಕ್ಕಿದ್ದು ಹೊಸಬ ಡೊಂಬಯ್ಯನಿಗೆ. ಆ ಮಳೆಗಾಲ ಡೊಂಬಯ್ಯನಿಗೆ ಕಾಮಾಲೆ ಬಂತು. ಹತ್ತೊಂಬತ್ತು ದಿನ ಉಪ್ಪಿಲ್ಲದ ಗಂಜಿ ಕಾಯಿಸಿ, ಬೈಯುತ್ತಾ ಬೈಯುತ್ತಾ ಕುಡಿಸಿದವನು ಕುಂಞಿ.

"ಹನ್ನೊಂದು ವರ್ಷ ಹಾಗೆ ಒಟ್ಟಿಗೆ ಇದ್ದೆವು. ನನ್ನ ಮದುವೆಯಲ್ಲಿ ಮನೆಯವರು ಅಂತ ಬಂದು ನಿಂತದ್ದು ಆ ಆರು ಜನವೇ," ಎಂದರು. ಆಮೇಲೆ ಗೊರ್ಮನ ಮಾತಿಗೆ ಮರಳಿದರು: "ಮತ್ತೆ, ಕೊಂಬು ಕೋರೆಹಲ್ಲು ಉಂಟೆಂದು ಹೊರಗಿಡುವುದು ನಮ್ಮಲ್ಲಿ ಎಲ್ಲಿ ಉಂಟು? ನಮ್ಮ ದೈವದ ಮುಖ ಕಂಡರೆ ಹೊಸಬರು ನಡುಗ್ತಾರೆ. ನಾವು ಮನೆಯೊಳಗೇ ಜಾಗ ಕೊಟ್ಟಿದ್ದೇವೆ, ಕಷ್ಟ ಹೇಳಿಕೊಳ್ತೇವೆ."

ಆ ಭಾಗವನ್ನು ತೃಪ್ತಿ 'ಡೊಂಬು' ಎಂಬ ಹೆಸರಿನಲ್ಲಿ ಗುಂಪಿಗೆ ಹಾಕಿದಳು. ಸಂಜೆಯೊಳಗೆ ಎಲ್ಲರೂ ಓದಿದ್ದರು. ಮುಂದೇನು, ಮುಂದೇನು ಎಂದು ಕೇಳುವವರೇ ಎಲ್ಲ. ರಜೆ ಮುಗಿಸಿ ಹೋಗುವಾಗ ಅವಳು ತನ್ನ ಹಳೆಯ ಮೊಬೈಲಿನ ನಂಬರನ್ನು 'ಡೊಂಬು' ಎಂದು ಗುಂಪಿಗೆ ಸೇರಿಸಿ, ಅದನ್ನು ಅಜ್ಜನಿಗೆ ಬಿಟ್ಟುಹೋದಳು. ಅವರು ದಿನಾ ಫೋನಿನಲ್ಲಿ ಹೇಳುವುದು, ಅವಳು ಹಾಸ್ಟೆಲಿನಲ್ಲಿ ಕೂತು ಟೈಪ್ ಮಾಡಿ ಹಾಕುವುದು. ಡೊಂಬು ಎಂದರೆ ತೃಪ್ತಿಯ ಕ್ಲಾಸಿನ ಹುಡುಗಿ ಎಂದೇ ಗುಂಪು ತಿಳಿದುಕೊಂಡಿತ್ತು.

ಡಿಸೆಂಬರಿನಲ್ಲಿ ತೃಪ್ತಿಗೆ ಪರೀಕ್ಷೆ ಬಂತು. ಕತೆ ನಿಂತಿತು. ತಿಸ್ಕಳಿಗೆ ಜ್ವರ ಬಂದಲ್ಲಿಗೆ ನಿಂತದ್ದರಿಂದ ಮಕ್ಕಳು ಗುಂಪಿನಲ್ಲಿ ಒಂದೇ ಸಮನೆ ಕೇಳತೊಡಗಿದರು. ಡೊಂಬಯ್ಯ ಅದನ್ನೆಲ್ಲ ಅಕ್ಷರ ಕೂಡಿಸಿ ಓದುತ್ತಿದ್ದರು. ಮೂರನೇ ದಿನ ತಡೆಯಲಾಗಲಿಲ್ಲ. ಮೈಕಿನ ಗುರುತು ಒತ್ತಿಹಿಡಿದು ಮಾತಾಡಿಯೇಬಿಟ್ಟರು.

"ಮಕ್ಕಳೇ, ತೃಪ್ತಿಗೆ ಪರೀಕ್ಷೆ ಉಂಟು, ಅವಳಿಗೆ ಉಪದ್ರ ಕೊಡಬೇಡಿ. ಮುಂದಿನದ್ದು ನಾನೇ ಹೇಳ್ತೇನೆ. ತಿಸ್ಕಳಿಗೆ ಏನೂ ಆಗುವುದಿಲ್ಲ, ಹೆದರಬೇಡಿ." ಹಿಂದಿನಿಂದ ಪೂವಮ್ಮನ ಸ್ವರವೂ ಸೇರಿತ್ತು: "ಯಾರ ಹತ್ರ ಮಾತಾಡ್ತೀರಿ? ಗಂಜಿ ತಣಿಯುತ್ತದೆ!"

ಆಫ್ರಾ ಅದನ್ನು ಬಂಟ್ವಾಳದ ತನ್ನ ಮನೆಯ ಅಡುಗೆಕೋಣೆಯಲ್ಲಿ ಕೇಳಿದ್ದಳು. ಅವಳ ತಾಯಿ ಸಾಲಿಹಾ ಮೀನು ಹುರಿಯುತ್ತಿದ್ದವರು ತಿರುಗಿ ನಿಂತರು.

"ಯಾರದು ಮುದುಕರ ಸ್ವರ?"

"ಕತೆ ಬರೆಯುವವರು ಉಮ್ಮಾ. ನನಗೂ ಈಗಲೇ ಗೊತ್ತಾದದ್ದು."

ಗಂಡ ಸೌದಿಯ ದಮ್ಮಾಮಿನಲ್ಲಿ, ಮನೆಯಲ್ಲಿ ಹೆಣ್ಣುಮಗಳು. ಪರಿಚಯವಿಲ್ಲದ ಮುದುಕನೊಬ್ಬ ಹುಡುಗಿಯರಿರುವ ಗುಂಪಿನಲ್ಲಿ ಹೆಸರು ಬದಲಿಸಿ ಕೂತಿದ್ದಾನೆಂದರೆ ಯಾವ ತಾಯಿ ಸುಮ್ಮನಿದ್ದಾರು? ಸಾಲಿಹಾ ಒಲೆ ಆರಿಸಿದರು. ಮಗಳ ಕೈಯಿಂದ ಮೊಬೈಲು ತೆಗೆದುಕೊಂಡು ಆ ನಂಬರಿಗೆ ತಾವೇ ಫೋನ್ ಮಾಡಿದರು. ಎತ್ತಿದ್ದು ಪೂವಮ್ಮ.

"ನಾನು ಆಫ್ರಾನ ತಾಯಿ. ಈ ಫೋನಿನಲ್ಲಿ ಮಾತಾಡಿದವರು ಯಾರು?"

"ನನ್ನ ಯಜಮಾನರು. ಕಾಲು ಮುರಿದು ಬಿದ್ದಿದ್ದಾರೆ. ಏನಾದರೂ ತಪ್ಪು ಮಾತಾಡಿದ್ರಾ ಅಕ್ಕ?"

"ತಪ್ಪಲ್ಲ. ಮಕ್ಕಳ ಕತೆಯಲ್ಲಿ ಅವರಿಗೇನು ಕೆಲಸ ಅಂತ ಕೇಳುವುದು."

ಪೂವಮ್ಮ ನಿಟ್ಟುಸಿರು ಬಿಟ್ಟರು. "ಅದನ್ನೇ ನಾನೂ ಕೇಳ್ತಿದ್ದೇನೆ. ಎರಡು ತಿಂಗಳಾಯಿತು, ಈ ಮನೆಯಲ್ಲಿ ಕೊಂಬಿನವನದ್ದೇ ಸುದ್ದಿ. ಅವನಿಗೆ ಕಂಬಳಿ ಬೇಕಂತೆ, ಆ ಹುಡುಗಿಗೆ ಜ್ವರವಂತೆ. ನನಗೆ ಜ್ವರ ಬಂದಾಗ ಇಷ್ಟು ವಿಚಾರಿಸಲಿಲ್ಲ ಈ ಮನುಷ್ಯ."

ಸಾಲಿಹಾರಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಮಾತು ತುಳುವಿಗೆ ಹೊರಳಿತು. ಕಾಲಿಗೆ ಹಾಕಿದ ರಾಡು, ಆ ವರ್ಷದ ಬಂಗುಡೆ ಮೀನು, ಬೀಡಿ ಎಲೆ, ಮಕ್ಕಳ ಪರೀಕ್ಷೆ ಎಂದು ಮುಕ್ಕಾಲು ಗಂಟೆ ಹೋಯಿತು. ಕೊನೆಯಲ್ಲಿ ಸಾಲಿಹಾ ಹೇಳಿದರು, "ಕತೆ ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಹೆಸರು ಮುಚ್ಚಿಡುವುದು ಬೇಡ. ಒಮ್ಮೆ ಎಲ್ಲರೂ ಕೂತು ಮಾತಾಡುವ. ನೀವೂ ಬರಬೇಕು ಪೂವಮ್ಮಕ್ಕ."

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮಗ ತನ್ನ ಪಿಕಪ್ಪಿನಲ್ಲಿ ಇಬ್ಬರನ್ನೂ ಮೂಡುಬಿದಿರೆಗೆ ಕರೆತಂದ. ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ರೀಮ್ ಅಂಗಡಿಯ ಮಹಡಿಯಲ್ಲಿ ಹನ್ನೊಂದು ಮಕ್ಕಳು ಕಾದಿದ್ದರು. ಊರುಗೋಲು ಹಿಡಿದು ಮೆಟ್ಟಿಲು ಹತ್ತಿಬಂದ ಡೊಂಬಯ್ಯನವರನ್ನು ಕಂಡು ಎಲ್ಲರೂ ಎದ್ದುನಿಂತರು. ಅವರಿಗೆ ನಾಚಿಕೆಯಾಯಿತು. "ಹೆಸರು ಹೇಳದ್ದು ನನ್ನ ತಪ್ಪು," ಎಂದರು. "ಮುದುಕ ಅಂತ ಗೊತ್ತಾದರೆ ನೀವು ಕೇಳಲಿಕ್ಕಿಲ್ಲ ಅಂತ ಗ್ರಹಿಸಿದೆ."

"ನಮಗೆ ಕತೆ ಸಿಕ್ಕಿದರೆ ಸಾಕು ಅಜ್ಜ," ಎಂದಳು ಆಫ್ರಾ.

ಸಾಲಿಹಾ ಒಂದು ತಕರಾರು ಇಟ್ಟುಕೊಂಡೇ ಬಂದಿದ್ದರು. ಇಷ್ಟರಲ್ಲಿ ಅವರೂ ಎಲ್ಲ ಭಾಗ ಓದಿಯಾಗಿತ್ತು. "ನಿಮ್ಮ ಕತೆಯಲ್ಲಿ ಎಲೂನ್ ಊಟ ಮಾಡ್ತಾಳೆ. ನಮ್ಮಲ್ಲಿ ದೇವದೂತರಿಗೆ ಹಸಿವೂ ಇಲ್ಲ, ಊಟವೂ ಇಲ್ಲ. ಇದು ಕಾರ್ಟೂನು, ನನಗೆ ಗೊತ್ತುಂಟು. ಆದರೂ ಓದುವಾಗ ಒಂಥರಾ ಆಗ್ತದೆ."

ಡೊಂಬಯ್ಯ ಚಮಚ ಕೆಳಗಿಟ್ಟು ಯೋಚಿಸಿದರು. "ಸರಿ. ಹಾಗಾದರೆ ಅವಳು ಉಣ್ಣುವುದು ಬೇಡ. ಬಡಿಸ್ತಾಳೆ, ಮತ್ತೆ ಅವರಿಬ್ಬರ ಊಟ ಮುಗಿಯುವವರೆಗೆ ಎದುರು ಕೂತಿರ್ತಾಳೆ. ಹಸಿವಿಲ್ಲದವಳು ದಿನಾ ಊಟಕ್ಕೆ ಕೂರುವುದು ದೊಡ್ಡ ಸಂಗತಿಯಲ್ಲವಾ?"

ಸಾಲಿಹಾ ಒಪ್ಪಿ ತಲೆಯಾಡಿಸಿದರು. ಪಕ್ಕದಲ್ಲಿದ್ದ ಪೂವಮ್ಮ, "ಹಾಗಿದ್ದರೆ ಪಾತ್ರೆ ತೊಳೆಯುವುದು ಗೊರ್ಮ," ಎಂದರು. ಅದೂ ಕತೆಗೆ ಸೇರಿತು.

ಮಾರ್ಚಿನಲ್ಲಿ ಡೊಂಬಯ್ಯ ಮತ್ತೆ ತೋಟಕ್ಕೆ ಇಳಿದರು, ಸಪಾಟು ಜಾಗದ ನೂರು ಮರಗಳಿಗೆ ಮಾತ್ರ. ಉಳಿದ ಹೊತ್ತು ಕತೆ. ಅದು ನಲವತ್ತೊಂದನೇ ಭಾಗಕ್ಕೆ ಬಂದಿರುವಾಗಲೇ ಆ ದೂರದೇಶದವರು ಕಾರ್ಟೂನಿನ ಮುಂದಿನ ಕಂತು ಬಿಟ್ಟರು. ತೃಪ್ತಿ ತರಾತುರಿಯಲ್ಲಿ ಫೋನ್ ಮಾಡಿ ಹೇಳಿದಳು. ಅಜ್ಜ ಪೂರ್ತಿ ನೋಡಿದರು. ಅದರಲ್ಲಿ ಎಲೂನ್ ಮತ್ತು ಗೊರ್ಮ ಮೊದಲಿನಂತೆಯೇ ಕತ್ತಿ ಹಿಡಿದು ಹೊಡೆದಾಡುತ್ತಿದ್ದರು.

"ಹೇಗುಂಟು ಅಜ್ಜ?"

"ಪಾಪ, ಅವರಿಗಿನ್ನೂ ಸುದ್ದಿ ಮುಟ್ಟಲಿಲ್ಲ," ಎಂದರು ಡೊಂಬಯ್ಯ. "ಇರಲಿ, ನೀನು ಬರಕೊ. ಇವತ್ತು ತಿಸ್ಕಳನ್ನು ಶಾಲೆಗೆ ಸೇರಿಸುವುದುಂಟು."