ಸ್ಟೆಲ್ಲಕ್ಕನ ದನಿಗಿಂತ ಕೆಳಗಿನ ತಂತಿ

ಹಲಸೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಕೋಣೆಯ ಮೇಲೊಂದು ಮನೆ. ಅದರ ಹೊಸ್ತಿಲ ಹೊರಗೆ ನಾನು ನಿಂತಿದ್ದೆ. ಕಳೆದ ಬೇಸಿಗೆಯ ಒಂದು ಶನಿವಾರ, ಮಧ್ಯಾಹ್ನ. ಒಳಗೆ ಯಾರೋ ಗಂಡಸು ಹಾಡುತ್ತಿದ್ದಾನೆ ಅಂದುಕೊಂಡೆ. ಬಾಗಿಲು ತೆರೆದಾಗ ಹಾಡುತ್ತಿದ್ದವರು ಸ್ಟೆಲ್ಲಕ್ಕ.

ಗಂಟಲಿನ ಆಪರೇಷನ್ ಆದ ಮೇಲೆ ಅವರ ಹಾಡು ನಾನು ಕೇಳಿರಲಿಲ್ಲ. ಅವರೂ ಗಂಡ ಅರುಳಣ್ಣನೂ ಶಿವಾಜಿನಗರದ ಒಂದು ಪ್ರಾರ್ಥನಾ ಮಂದಿರದ ಬ್ಯಾಂಡಿನವರು. ಅಕ್ಕನದು ಹಾಡು, ಅಣ್ಣನದು ನಾಲ್ಕು ತಂತಿಯ ಬೇಸ್ ಗಿಟಾರು. ಮರುದಿನ ಅಕ್ಕ ಮತ್ತೆ ಹಾಡಬೇಕಿತ್ತು. ನನ್ನನ್ನು ಕರೆದದ್ದು ಉಜ್ಜುವ ಒಂದು ಸಣ್ಣ ಅರಕ್ಕಾಗಿ. ಹೊಸ ತಿಪ್ಪಸಂದ್ರದ ಕೀ ಅಂಗಡಿಯಲ್ಲಿ ನನ್ನ ಕೆಲಸ, ಸಣ್ಣ ಅರಗಳು ಚೀಲದಲ್ಲೇ ಇರುತ್ತವೆ. ನಮ್ಮೂರಲ್ಲಿ ನೆರೆಯವರು ನೇರ ಅಡುಗೆಮನೆಗೇ ಬರುತ್ತಾರೆ. ಇಲ್ಲಿ ಮಾತೆಲ್ಲ ಬಾಗಿಲಲ್ಲೇ. ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಸಿಂಧನೂರು ಕಡೆಯ ನಮ್ಮ ಭಜನೆಯಲ್ಲಿ ಹಿರಿಯರ ದನಿ ಇಳಿದರೆ ಹಾರ್ಮೋನಿಯಂ ಪೇಟಿ ನುಡಿಸುವವನು ಸುಮ್ಮನೆ ಒಂದು ಪಟ್ಟಿ ಕೆಳಗೆ ಸರಿಯುತ್ತಾನೆ. ಯಾರೂ ಅದರ ಮಾತೆತ್ತುವುದಿಲ್ಲ. ಇಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಆ ಇಳಿತವನ್ನು ಅಳೆಯುತ್ತಿದ್ದರು. ಅಕ್ಕ ಹಾಡುವರು, ಅಣ್ಣ ತಂತಿಯ ಮೇಲೆ ಬೆರಳಿಟ್ಟು ಹುಡುಕುವರು. ನೋಡಲು ನನಗೆ ಸಂಕೋಚವಾಯಿತು.

"ಇವಳ ಹಾಡು ಕೆಳಗಿಳಿದ್ಬಿಡ್ತು ಗುರು. ಬೇಸು ಅದಕ್ಕಿಂತ ಕೆಳಗೆ ನಿಂತ್ಕೋಬೇಕು. ಈ ತಂತಿ ಅಲ್ಲೀವರ್ಗೂ ಇಳಿಯಲ್ಲ."

"ಇದ್ದದ್ದನ್ನ ಸಡ್ಲ ಮಾಡಿದ್ರ ಸಾಕಾಗಂಗಿಲ್ಲೇನ್ರೀ?"

ಅಣ್ಣ ಸಡಿಲಿಸಿ ತೋರಿಸಿದರು. ತಂತಿ ಕಟ್ಟಿಗೆಗೆ ಬಡಿದು ಪಟಪಟ ಅಂದಿತು. "ಇನ್ನೊಂದು 'ರೀ' ಹಾಕು, ಮರ್ಯಾದೆಗಾದ್ರೂ ನುಡಿಯುತ್ತೇನೋ."

"ಎನ್ನಂಗ, ಪಾಪ ಅವರನ್ನ ಬಿಡಿ," ಅಂದರು ಅಕ್ಕ. 'ಎನ್ನಂಗ' ಅಂದರೆ ತಮಿಳು ಹೆಂಗಸರು ಗಂಡನನ್ನು ಕರೆಯುವ ಮಾತು. ನಮ್ಮ 'ರೀ' ಇದ್ದ ಹಾಗೆ.

ಅಣ್ಣ ಒಂದೊಂದೇ ಹಳೆಯ ತಂತಿ ಬಿಚ್ಚಿ, ಅಲ್ಲಿ ಇನ್ನೂ ದಪ್ಪನೆಯದನ್ನು ಹಾಕಿದರು. ಎಲ್ಲಕ್ಕಿಂತ ದಪ್ಪನೆಯದು ಗಿಟಾರಿನ ಕತ್ತಿನ ತುದಿಯಲ್ಲಿರುವ ಬಿಳಿ ಪಟ್ಟಿಯ ಕಚ್ಚಿನಲ್ಲಿ ಕೂರಲಿಲ್ಲ. ನಾನು ಅರದಿಂದ ಆ ಕಚ್ಚನ್ನು ಉಜ್ಜಿದೆ. ಹೆಚ್ಚು ಉಜ್ಜಿದರೆ ತಂತಿ ತೀರ ಕೆಳಗೆ ಕೂತು ಮತ್ತೆ ಬಡಿಯುತ್ತದೆ; ಆದ್ದರಿಂದ ಸ್ವಲ್ಪ ಉಜ್ಜುವುದು, ತಂತಿ ಇಟ್ಟು ನೋಡುವುದು. ಅಷ್ಟರಲ್ಲಿ ನನ್ನ ಹೆಂಡತಿ ನಾಗಮ್ಮ ರೊಟ್ಟಿ, ಶೇಂಗಾ ಚಟ್ನಿ ತಂದಳು. ಅಕ್ಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಬಹಳ ಹೊತ್ತು ನೆನೆಸಿ ತಿಂದರು.

ತಂತಿ ಕೂತಿತು. ಅಣ್ಣ ಮೀಟಿದಾಗ ಅದು ಕಿವಿಗಿಂತ ಮೊದಲು ನನ್ನ ಅಂಗಾಲಿಗೆ ತಿಳಿಯಿತು. ಅಕ್ಕ ಅದರ ಮೇಲೆ ಒಂದು ಸಾಲು ಹಾಡಿದರು. ಕೊನೆಯ ಪದದಲ್ಲಿ ದನಿ ಒಡೆಯಿತು. ಅಣ್ಣ ನಿಲ್ಲಿಸಲಿಲ್ಲ; ಅಕ್ಕ ಉಸಿರು ತೆಗೆದುಕೊಂಡು ಮುಗಿಸುವವರೆಗೂ ಅದೇ ತಂತಿ ಮೀಟುತ್ತಿದ್ದರು.

"ನಾಳೆಗೆ ಸಾಕು," ಅಂದರು ಅಕ್ಕ.

ಮರುದಿನ ಹಾಡಿದರು. ಮತ್ತೆ ಕೆಲವು ಭಾನುವಾರ ಹಾಡಿದರು. ಮಳೆಗಾಲದಲ್ಲಿ ತೀರಿಕೊಂಡರು.

ಈಗ ಹಾಡುವ ಹುಡುಗಿಯದು ಎತ್ತರದ ದನಿ. ಹಳೆಯ ತಂತಿ ಹಾಕು ಎಂದು ಬ್ಯಾಂಡಿನವರು ಹೇಳುತ್ತಾರೆ. ಅಣ್ಣ ಹಾಕಿಲ್ಲ. ಉಳಿದ ಮೂರರಲ್ಲೇ ನುಡಿಸುತ್ತಾರೆ, ಆ ದಪ್ಪ ತಂತಿಯನ್ನು ಮುಟ್ಟುವುದಿಲ್ಲ.

ಬಂದ ಹೊಸದರಲ್ಲಿ ಊರಿಗೆ ಹೋಗೋಣವೆಂದು ಅಳುತ್ತಿದ್ದವಳು ನಾಗಮ್ಮ. ಮೊನ್ನೆ ನಾನೇ ಕೇಳಿದೆ: "ಹೊಳ್ಳಿ ಹೋಗೂಣೇನು?"

"ಹೋಗೂಣಂತ. ಅಣ್ಣಾರ ಊಟದ್ದೇನು ಮಾಡೂದು?"

ಆ ಮಧ್ಯಾಹ್ನ ಅಲ್ಲಿದ್ದವರಲ್ಲಿ ಅರುಳಣ್ಣ ಇದ್ದಾರೆ, ನಾಗಮ್ಮ ಇದ್ದಾಳೆ, ನಾನಿದ್ದೇನೆ. ಮೂವರೂ ಹಲಸೂರಿನಲ್ಲೇ.